ಮನೆಯಲ್ಲೇ ಕೆಂಡೊ ಅಭ್ಯಾಸ: ಮೊದಲು ಎಡಗೈ, ಎಡಗಾಲು ತಿದ್ದಿಕೊಳ್ಳಿ

ಮಂಗಳೂರು, ಉಡುಪಿಯಲ್ಲಿದ್ದು, ಗುರುಗಳ ಎದುರು ದಿನವೂ ನಿಲ್ಲುವ ಅವಕಾಶವಿಲ್ಲದ, ಜಪಾನಿನ ಕತ್ತಿವರಸೆಯಾದ ಕೆಂಡೊ ಕಲಿಯುವ ವಿದ್ಯಾರ್ಥಿಯು ಭಾನುವಾರವೊಂದೇ ಎರಡು ಗಂಟೆ ಬೆವರು ಸುರಿಸುವುದಕ್ಕಿಂತ ದಿನಕ್ಕೆ 20 ನಿಮಿಷ ತಪ್ಪದೆ ಅಭ್ಯಾಸ ಮಾಡುವುದು ಮೇಲು. ಆ ಹೊತ್ತಿನ ಹೆಚ್ಚಿನ ಪಾಲು ಎಡಗೈ ಮತ್ತು ಎಡಗಾಲಿಗೆ ಸಲ್ಲಬೇಕು. ಕತ್ತಿಯ ಹಿಡಿಯಲ್ಲಿ ಬಲಗೈ ಮುಂದಿರುವುದರಿಂದ ಎಲ್ಲ ಕೆಲಸವನ್ನೂ ಅದೇ ಎಳೆದುಕೊಳ್ಳುತ್ತದೆ, ಹೊಡೆತ ಓರೆಯಾಗುವುದು ಅಲ್ಲಿಂದಲೇ.

ಜಾಗದ ಮಾತು ಮೊದಲು. ವಯಸ್ಕರು ಬಳಸುವ 39ರ ಅಳತೆಯ ಶಿನಾಯ್, ಅಂದರೆ ಬಿದಿರಿನ ಕತ್ತಿ, ಸುಮಾರು 120 ಸೆಂಟಿಮೀಟರ್ ಉದ್ದವಿರುತ್ತದೆ. ಕೋಣೆಯೊಳಗೆ ಅದನ್ನೆತ್ತಿದರೆ ಫ್ಯಾನಿಗೆ ತಾಗುವುದು ಖಂಡಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳವೂ ಸಿಗದು, ಆದುದರಿಂದ ಶೀಟು ಹೊದಿಸಿದ ತಾರಸಿಯೇ ಅನುಕೂಲ. ಪಣಂಬೂರು, ಮಲ್ಪೆಯ ಮರಳು ಕಣ್ಣಿಗೆ ಚೆನ್ನ, ಆದರೆ ಪಾದ ಜಾರಿಸಿ ನಡೆಯುವ ಅಭ್ಯಾಸಕ್ಕೆ ಅದು ಹೊಂದುವುದಿಲ್ಲ.

ಒಕುರಿ-ಆಶಿ ಎಂಬ ಮೂಲ ನಡಿಗೆಯಲ್ಲಿ ಬಲಗಾಲು ಮುಂದೆ ಸರಿಯುತ್ತದೆ, ಎಡಗಾಲು ತಡಮಾಡದೆ ಹಿಂಬಾಲಿಸುತ್ತದೆ, ಆದರೆ ಬಲಗಾಲನ್ನು ದಾಟುವುದಿಲ್ಲ. ನೆಲದ ಟೈಲ್ಸ್‌ಗಳ ನಡುವಿನ ಗೆರೆಯ ಪಕ್ಕದಲ್ಲಿ ಎಡಪಾದವನ್ನಿಟ್ಟು, ಹಿಮ್ಮಡಿಯನ್ನು ತುಸುವೇ ಎತ್ತಿ, ಹತ್ತು ಹೆಜ್ಜೆ ಸಾಗಿ ನಿಂತು ಕೆಳಗೆ ನೋಡಿರಿ: ದಣಿದಂತೆಲ್ಲ ಎಡಪಾದದ ಬೆರಳುಗಳು ಹೊರಕ್ಕೆ ತಿರುಗಿರುತ್ತವೆ. ಈ ಓರೆ ಹೋಗುವ ತನಕ ವೇಗ ಹೆಚ್ಚಿಸಬಾರದು. ನೆಲವನ್ನು ಬಡಿದು ಮುನ್ನುಗ್ಗುವ ಫುಮಿಕೊಮಿಯನ್ನು ಸಿಮೆಂಟು, ಗ್ರಾನೈಟಿನ ಮೇಲೆ ಪೂರ್ಣ ಬಲದಿಂದ ಮಾಡಿದರೆ ಹಿಮ್ಮಡಿ ಕೆಡುತ್ತದೆ. ಮರದ ನೆಲ ಸಿಕ್ಕಿದಾಗ ಮಾಡಿದರೆ ಸಾಕು.

ಸುಬುರಿಯಲ್ಲಿ, ಎಂದರೆ ಗಾಳಿಯಲ್ಲಿ ಶಿನಾಯ್ ಬೀಸುವಾಗ, ಎಡಗೈಯ ಕಿರುಬೆರಳು ಮತ್ತು ಉಂಗುರದ ಬೆರಳುಗಳು ಹಿಡಿಯ ತುದಿಯನ್ನು ಬಿಗಿಹಿಡಿಯಬೇಕು. ಬಲಗೈ ಸಡಿಲವಾಗಿದ್ದು ದಿಕ್ಕು ತೋರಿದರೆ ಸಾಕು. ಎಡಮುಷ್ಟಿ ದೇಹದ ನಡುಗೆರೆಯಲ್ಲೇ ಹಣೆಯ ಮೇಲಕ್ಕೇರಿ, ಅದೇ ಗೆರೆಯಲ್ಲಿ ಇಳಿದು, ಹೊಡೆತ ಮುಗಿಯುವಾಗ ಎದೆಗುಳಿಯ ಮಟ್ಟದಲ್ಲಿ ನಿಲ್ಲಬೇಕು. ಬಲಗೈ ಬಿಟ್ಟು ಎಡಗೈಯೊಂದರಿಂದಲೇ ನಿಧಾನವಾಗಿ ಬೀಸಿದರೆ ಗೆರೆ ತಪ್ಪುವ ಜಾಗ ತಾನಾಗಿ ಕಾಣಿಸುತ್ತದೆ. ಅವಸರದ ನೂರು ಬೀಸುಗಳನ್ನು ಲೆಕ್ಕಕ್ಕೆ ಹಿಡಿಯುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಕೂಗು, ಕತ್ತಿ, ಕಾಲು ಒಂದೇ ಕ್ಷಣಕ್ಕೆ ಕೂಡಿದಾಗ ಮಾತ್ರ ಹೊಡೆತ ಸಿಂಧುವಾಗುತ್ತದೆ. ಫ್ಲ್ಯಾಟಿನಲ್ಲಿ ಗಂಟಲೆತ್ತಿ, ತಲೆಯ ಮೇಲಿನ ಹೊಡೆತದ ಹೆಸರಾದ ‘ಮೆನ್’ ಎಂದು ಕೂಗಿದರೆ ನೆರೆಮನೆಯವರು ಬಂದು ವಿಚಾರಿಸುವುದು ಸಹಜ, ಹಾಗಾಗಿ ಹೊಟ್ಟೆಯಿಂದ ಉಸಿರು ಹೊರಡಿಸಿ ಮೆಲ್ಲಗೆ ಎಣಿಸುತ್ತ ಆ ಹೊಂದಾಣಿಕೆಯನ್ನು ಉಳಿಸಿಕೊಳ್ಳಬಹುದು. ಎಡಬಲ ಹೊಡೆತಗಳ ಕಿರಿಕಾಯೆಶಿಗೆ ಜೊತೆಗಾರರು ಬೇಕು. ಅವರು ಸಿಕ್ಕ ದಿನ ಪಂದ್ಯಕ್ಕಿಂತ ಮುಂಚೆ ಅದನ್ನೇ ಮಾಡಿರಿ.

ಅಭ್ಯಾಸಕ್ಕೆ ಮುನ್ನ ಶಿನಾಯ್‌ನ ನಾಲ್ಕೂ ಬಿದಿರುಪಟ್ಟಿಗಳ ಮೇಲೆ ಹತ್ತಿ ಬಟ್ಟೆಯನ್ನು ಎಳೆಯಿರಿ. ನೂಲು ಸಿಕ್ಕಿಕೊಂಡ ಕಡೆ ಸಿಬಿರು ಎದ್ದಿರುತ್ತದೆ. ಅದು ಮುಖಕವಚದ ಸರಳುಗಳ ನಡುವೆ ನುಗ್ಗಿ ಎದುರಾಳಿಯ ಕಣ್ಣಿಗೆ ಚುಚ್ಚಬಲ್ಲದು. ಸಣ್ಣ ಸಿಬಿರನ್ನು ಉಪ್ಪುಕಾಗದದಿಂದ ಉಜ್ಜಿ ಎಣ್ಣೆ ಸವರಿದರಾಯಿತು, ಬಿರುಕು ಬಿಟ್ಟ ಪಟ್ಟಿಯನ್ನು ಬದಲಿಸಲೇಬೇಕು. ನಮ್ಮ ಮಳೆಗಾಲದಲ್ಲಿ ಬೆವರು ಹೀರಿದ ಕೈಗವಸು ಬೇಗನೆ ಬೂಸಲು ಹಿಡಿಯುವುದರಿಂದ ಅದನ್ನು ಚೀಲದಲ್ಲಿ ಬಿಡದೆ ಫ್ಯಾನಿನ ಕೆಳಗೆ ತೂಗುಹಾಕಿರಿ. ಬಿಸಿಲು ಬಂದಿತೆಂದು ಹೊರಗೆ ಒಣಗಿಸಿದರೆ ಬಣ್ಣ ಮಾಸಿ, ಅಂಗೈಯ ತೊಗಲು ಸೆಟೆದುಕೊಳ್ಳುತ್ತದೆ.