ಕೋರ್ಸೇರ್ ರೆಕ್ಕೆಬುಡದ ಸಂದು: ಪುಟ್ಟಿ ಇಲ್ಲದೆ ಮುಚ್ಚಿದ ಬಗೆ

1/48 ಅಳತೆಯ ಎಫ್4ಯು ಕೋರ್ಸೇರ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ. ಅಂಟು ಹಾಕದೆ ರೆಕ್ಕೆ ಕೂರಿಸಿ ನೋಡಿದಾಗ ಎರಡೂ ಬುಡದಲ್ಲಿ ಅರ್ಧ ಮಿಲಿಮೀಟರ್‌ನಷ್ಟು ಸಂದು. ಈ ವಿಮಾನದ ಬಾಗುರೆಕ್ಕೆ ದೇಹಕ್ಕೆ ಹೆಚ್ಚುಕಡಿಮೆ ಲಂಬಕೋನದಲ್ಲಿ ಸೇರುತ್ತದೆ, ಹಾಗಾಗಿ ತಪ್ಪು ನೇರವಾಗಿ ಕಣ್ಣಿಗೆ ಬೀಳುತ್ತದೆ. ಪುಟ್ಟಿ ತುಂಬಿ ಉಜ್ಜಿದರೆ ಅಕ್ಕಪಕ್ಕದ ಪ್ಯಾನೆಲ್ ಗೆರೆಗಳು (ತಗಡುಗಳ ಅಂಚು ತೋರಿಸುವ ಸಣ್ಣ ಗೀರುಗಳು) ಅಳಿಸಿಹೋಗುತ್ತವೆ.

ಕೊರತೆ ಇದ್ದದ್ದು ರೆಕ್ಕೆಯಲ್ಲಲ್ಲ, ದೇಹದ ಅಗಲದಲ್ಲಿ. ಎರಡು ಹೋಳುಗಳನ್ನು ಟೇಪಿನಿಂದ ಬಿಗಿಯಾಗಿ ಸುತ್ತಿ ಒಣಗಿಸಿದಾಗ ಕೆಳಗಿನ ತೆರೆದ ಭಾಗ ಒಳಕ್ಕೆ ಒತ್ತಿಕೊಂಡಿತ್ತು.

ಭಾಗಗಳನ್ನು ಹಿಡಿದಿಡುವ ಸ್ಪ್ರೂ ಕಡ್ಡಿಯಿಂದ ಒಂದು ತುಂಡನ್ನು ಒಳ ಅಗಲಕ್ಕಿಂತ 1 ಮಿ.ಮೀ. ಉದ್ದವಾಗಿ ಕತ್ತರಿಸಿ, ಕಾಕ್‌ಪಿಟ್ ತಳದ ಹಿಂದೆ ಅಡ್ಡಲಾಗಿ ಸಿಕ್ಕಿಸಿದೆ. ಉದ್ದ ಹೆಚ್ಚಾದರೆ ಬೆನ್ನಿನ ಜೋಡಣೆ ಬಿರಿಯುತ್ತದೆ. ಸ್ವಲ್ಪಸ್ವಲ್ಪವೇ ಉಜ್ಜಿ, ಪ್ರತಿ ಸಲ ರೆಕ್ಕೆ ಕೂರಿಸಿ ನೋಡಲೇಬೇಕು. ಸಂದು ಕೂದಲೆಳೆಯಷ್ಟಾದಾಗ ಕಡ್ಡಿಗೆ ಅಂಟು ಹಾಕಿ ರಾತ್ರಿಯಿಡೀ ಬಿಟ್ಟೆ.

ಮರುದಿನ ರೆಕ್ಕೆ ಒತ್ತಿಹಿಡಿದು, ತೆಳು ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ನೀರಿನಂಥ ಅಂಟು) ಅದ್ದಿದ ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಿದೆ. ದ್ರವ ತಾನೇ ಒಳಕ್ಕೆ ಹರಿಯುತ್ತದೆ. ಬೆರಳು ಮಾತ್ರ ಗೆರೆಯಿಂದ ದೂರ ಇರಲಿ, ಇಲ್ಲವಾದರೆ ಅದರಡಿ ಸಿಮೆಂಟ್ ನುಗ್ಗಿ ಬೆರಳಚ್ಚು ಪ್ಲಾಸ್ಟಿಕ್‌ನಲ್ಲೇ ಉಳಿದುಬಿಡುತ್ತದೆ. ಕರಗಿದ ಪ್ಲಾಸ್ಟಿಕ್ ಸಣ್ಣ ಏಣಾಗಿ ಉಬ್ಬಿತು. ಎರಡು ದಿನ ಬಿಟ್ಟು 1000 ಗ್ರಿಟ್ ಕಾಗದದಿಂದ ನೀರು ಹಾಕಿ ಉಜ್ಜಿದೆ.