ಹಳೇ ಬಡಾವಣೆಯಲ್ಲಿ ಹೊಸ ಬಣ್ಣದ ಮನೆ: ಅಡ್ವಾನ್ಸ್ ಕೊಡುವ ಮುಂಚೆ ಗೋಡೆಗೆ ಪ್ಲಾಸ್ಟಿಕ್ ಅಂಟಿಸಿ

ಬಸವನಗುಡಿ, ಮಲ್ಲೇಶ್ವರದ ಕಡೆ ಹಳೇ ಮನೆ ರಿಪೇರಿ ಮಾಡಿಸಿದ ಸಿಂಗಲ್ ಬೆಡ್‌ರೂಮ್ ನೋಡ್ತಿದ್ದೀರಾ? ಗೋಡೆಯಲ್ಲಿ ತೇವ ಇದೆಯಾ ಅಂತ ತಿಳಿಯೋಕೆ, ಓನರ್‌ಗೆ ಒಂದು ಮಾತು ಹೇಳಿ, ನೆಲದಿಂದ ಒಂದಡಿ ಎತ್ತರದಲ್ಲಿ ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. 2 ದಿನ ಬಿಟ್ಟು ನೋಡಿ. ಹಾಳೆಯ ಗೋಡೆ ಕಡೆಗೆ ಹನಿ ಕೂತಿದ್ದರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಕೋಣೆ ಕಡೆಗೆ ಕೂತಿದ್ದರೆ ಗಾಳಿಯದ್ದು, ಕಿಟಕಿ ತೆಗೆದಿಟ್ಟರೆ ಬಹುಪಾಲು ಸರಿಹೋಗುತ್ತದೆ. ಹಳೇ ಇಟ್ಟಿಗೆ-ಗಾರೆ ಗೋಡೆ ನೆಲದ ತೇವವನ್ನು ಮೇಲಕ್ಕೆ ಎಳೆದು ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಆ ದಾರಿ ಮುಚ್ಚಿ, ಬಣ್ಣ ಹಪ್ಪಳದ ಹಾಗೆ ಉಬ್ಬುತ್ತದೆ. ಓನರ್ ಎಷ್ಟೇ ಒಳ್ಳೆಯವರಾದರೂ ಇದನ್ನು ತಾವಾಗೇ ಹೇಳೋದು ಕಡಿಮೆ, ಅಲ್ವಾ! ಏಪ್ರಿಲ್-ಮೇ ಬಿಸಿಲಲ್ಲಿ ಹಾಳೆ ಒಣಗಿದ್ದರೆ ನಂಬಬೇಡಿ, ಮಳೆಗಾಲದ್ದೇ ನಿಜವಾದ ಪರೀಕ್ಷೆ. ಪ್ಲಾಸ್ಟರ್ ಮಾಡಿಸಿ ತಿಂಗಳೂ ಆಗಿಲ್ಲದಿದ್ದರೆ ಈ ಪರೀಕ್ಷೆ ಬಿಡಿ, ಹೊಸ ಸಿಮೆಂಟಿನ ನೀರೇ ಹನಿಯಾಗುತ್ತದೆ. ಟೇಪ್ ಕಿತ್ತಾಗ ಬಣ್ಣವೂ ಕಿತ್ತು ಬರಬಹುದು. ಅದಕ್ಕೇ ಬಾಗಿಲ ಹಿಂದಿನ ಜಾಗ ಹಿಡಿಯಿರಿ, ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಆದರೆ ಒಳ್ಳೆಯದು.