ದೀಪಾವಳಿಯಿಂದ ಪತ್ತನಾಜೆವರೆಗೆ ಅಂಗಳದಲ್ಲೇ ಊಟ

ಆರು ವರ್ಷದ ಹಿಂದೆ ನಾನೂ ಬಿಳಿ ಬಣ್ಣದ ಕಬ್ಬಿಣದ ಮೇಜು, ಬಳ್ಳಿ ಬಳ್ಳಿ ಚಿತ್ತಾರದ ನಾಲ್ಕು ಕುರ್ಚಿ ತಂದು ತೋಟದಲ್ಲಿ ಇಟ್ಟಿದ್ದೆ. ನಮ್ಮ ಮನೆಗೂ ಮಲ್ಪೆಯ ಕಡಲಿಗೂ ನಡುವೆ ಎರಡು ಕಿಲೋಮೀಟರ್ ಕೂಡ ಇಲ್ಲ. ಮೊದಲ ಮಳೆಗಾಲ ಕಳೆಯುವಾಗ ಬಣ್ಣ ಹಪ್ಪಳದಂತೆ ಎದ್ದಿತು. ಎರಡನೆಯ ವರ್ಷ ಅತ್ತೆಯವರ ಹೊಸ ಸೀರೆಗೆ ತುಕ್ಕಿನ ಬಳ್ಳಿ ಚಿತ್ತಾರ ಮೂಡಿತು. ಮೂರನೆಯ ವರ್ಷ ಅದನ್ನು ಗುಜರಿಯವರು ತೂಕಕ್ಕೆ ಕೊಂಡುಹೋದರು. ಕುರ್ಚಿಯ ಮೇಲಿನ ಹೂವಿನ ಮೆತ್ತೆಗಳ ಕತೆ ಹೇಳುವುದೇ ಬೇಡ. ಅವುಗಳಲ್ಲಿ ಹಸಿರು, ಕಪ್ಪು, ಬಿಳಿ ಎಂದು ಮೂರು ಬಣ್ಣದ ಬೂಷ್ಟು ಬೆಳೆದಿತ್ತು.

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ. ಹಾಗಿರುವಾಗ ವರ್ಷವಿಡೀ ಹೊರಗಿರಲಿ ಎಂದು ಏನನ್ನು ಕಟ್ಟಿದರೂ ಅದು ಮಳೆಗೆ ಕೊಟ್ಟ ಸಾಲವೇ ಸರಿ. ಹಿರಿಯರು ಮಾಡುತ್ತಿದ್ದುದು ಬೇರೆ. ಮಳೆ ನಿಂತ ಮೇಲೆ ಅಂಗಳ ಕೆತ್ತಿ, ಪೆಟ್ಟುಮಣೆಯಿಂದ ಬಡಿದು ಗಟ್ಟಿ ಮಾಡಿ, ಸೆಗಣಿ ಸಾರಿಸಿ, ಚಪ್ಪರ ಹಾಕುತ್ತಿದ್ದರು. ಮತ್ತೆ ಮಳೆ ಬರುವ ಮೊದಲು ಬಿಚ್ಚುತ್ತಿದ್ದರು. ಯಕ್ಷಗಾನ ಮೇಳಗಳ ತಿರುಗಾಟವೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ನಡೆದು, ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಮುಗಿಯುತ್ತದೆ. ಹೊರಗಿನ ಊಟದ ಜಾಗಕ್ಕೂ ನಾನು ಹೇಳುವುದು ಇದನ್ನೇ: ನೆಲವೊಂದು ಶಾಶ್ವತವಾಗಿರಲಿ, ಉಳಿದದ್ದೆಲ್ಲ ಬಿಚ್ಚಿ ಒಳಗಿಡುವಂತಿರಲಿ.

ಮೊದಲು ಒಂದು ವಾರ ಸುಮ್ಮನೆ ಕುಳಿತುಕೊಳ್ಳಿ

ಏನನ್ನೂ ಕೊಳ್ಳುವ ಮೊದಲು ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಹೋಗಿ, ನೀವು ಊಟ ಮಾಡಬೇಕೆಂದಿರುವ ಹೊತ್ತಿಗೆ ಸರಿಯಾಗಿ ಹಿತ್ತಲಿನ ಬೇರೆ ಬೇರೆ ಮೂಲೆಗಳಲ್ಲಿ ಕುಳಿತು ನೋಡಿ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದಿಂದ ಮುಸ್ಸಂಜೆಯವರೆಗೆ ಗಾಳಿ ಪಡುವಣದ ಕಡಲಿನಿಂದ ಬೀಸುತ್ತದೆ. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಅದು ಮೂಡಣದಿಂದ ಬರುತ್ತದೆ. ಸಂಜೆಯ ಬಿಸಿಲೂ ಪಡುವಣದ್ದೇ. ತೊಡಕು ಇರುವುದು ಇಲ್ಲಿ. ಬಿಸಿಲು ತಡೆಯಲೆಂದು ಪಡುವಣಕ್ಕೆ ಗೋಡೆ ಎಬ್ಬಿಸಿದರೆ ಗಾಳಿಯೂ ನಿಂತುಹೋಗುತ್ತದೆ, ಆಮೇಲೆ ಬೆವರು ಸುರಿಸಿಕೊಂಡು ಉಣ್ಣಬೇಕು. ಆ ಬದಿಗೆ ಸಂದುಳ್ಳ ಬಿದಿರಿನ ತಟ್ಟಿಯೋ, ಬಳ್ಳಿ ಹಬ್ಬಿಸಿದ ಜಾಲರಿಯೋ ಸಾಕು.

ಒಲೆ ಮೂಡಣದ ಬದಿಯಲ್ಲಿರಲಿ. ಹಾಗಾದರೆ ಸಂಜೆಯ ಗಾಳಿಗೆ ಬಂಗುಡೆ ಕಾಯಿಸುವ ಹೊಗೆ ನಿಮ್ಮ ಕಣ್ಣಿಗೆ ಬರುವುದಿಲ್ಲ. ಪಕ್ಕದ ಮನೆ ಯಾವ ದಿಕ್ಕಿಗಿದೆ ಎಂಬುದನ್ನೂ ನೋಡಿಕೊಳ್ಳಿ.

ಇನ್ನು ತಲೆಯ ಮೇಲೇನಿದೆ ಎಂಬ ವಿಷಯ. ತೆಂಗಿನ ಮರದ ಕೆಳಗೆ ಮೇಜು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಚಿತ್ರಕ್ಕೆ ಚೆಂದ, ತಲೆಗಲ್ಲ. ಕಾಯಿ ಮಾತ್ರವಲ್ಲ, 15 ಅಡಿ ಉದ್ದದ ಒಣ ಗರಿ, ಅಂದರೆ ಮಡಲೂ ಹೇಳದೆ ಕೇಳದೆ ಬೀಳುತ್ತದೆ. ಬುಡದಿಂದ ಕನಿಷ್ಠ 12 ಅಡಿ ದೂರವಿರಿ. ಮರ ಬಾಗಿದ್ದರೆ ಬುಡದಿಂದಲ್ಲ, ಗರಿಗಳ ಗೊಂಚಲಿನ ನೇರದಿಂದ ಅಳೆಯಿರಿ. ನುಗ್ಗೆ ಮರದ ಕೆಳಗೆ ಕಂಬಳಿಹುಳದ ಕಾಟ. ಮಾವಿನ ಮರದಲ್ಲಿ ಎಲೆಗಳನ್ನು ಹೊಲಿದು ಗೂಡು ಮಾಡಿದ ಕೆಂಪು ಇರುವೆಗಳಿವೆಯೇ ಎಂದು ತಲೆಯೆತ್ತಿ ನೋಡಿ. ಅವು ಇದ್ದರೆ ಮರಕ್ಕೆ ಒಳ್ಳೆಯದೇ, ಕೀಟ ಹಿಡಿಯುತ್ತವೆ. ಆದರೆ ಸಾರಿನ ಬಟ್ಟಲಿಗೆ ಉದುರಿದರೆ ಕಷ್ಟ. ಮರದ ನೆರಳೇ ಬೇಕೆಂದಿದ್ದರೆ ಮಾವು ಅಥವಾ ಹಲಸಿನ ಮರದಿಂದ ಸ್ವಲ್ಪ ಮೂಡಣಕ್ಕೆ ಸರಿದು ಕೂರಿ. ಸಂಜೆಯ ನೆರಳು ಅತ್ತಲೇ ಚಾಚುತ್ತದೆ, ತಲೆಯ ಮೇಲೆ ಕೊಂಬೆಯೂ ಇರುವುದಿಲ್ಲ.

ಬುಡಕ್ಕೆ ಕಟ್ಟೆ ಕಟ್ಟುವವರಿಗೆ ಒಂದು ಮಾತು: ಮರದ ಕಾಂಡಕ್ಕೆ ಮಣ್ಣು ತಾಗುವಂತೆ ತುಂಬಬೇಡಿ, ಕಾಂಡ ಕೊಳೆಯುತ್ತದೆ. ಸುತ್ತ ಜಾಗ ಬಿಟ್ಟೇ ಕಲ್ಲು ಇಡಿ.

ನೆಲ

ಆರು ಮಂದಿಗೆ 14 ಅಡಿ ಉದ್ದ, 10 ಅಡಿ ಅಗಲದ ಜಾಗ ಬೇಕು. ಇಷ್ಟೇಕೆ ಎಂಬುದು ಮೇಜಿನ ಲೆಕ್ಕ ಹೇಳುವಾಗ ತಿಳಿಯುತ್ತದೆ.

ಹುಲ್ಲುಹಾಸಿನ ಮೇಲೆ ನೇರವಾಗಿ ಮೇಜು ಇಡಬೇಡಿ. ಕಾಲು ಹೂತುಹೋಗುತ್ತದೆ, ಗೆದ್ದಲು ಹತ್ತುತ್ತದೆ, ಕತ್ತಲಲ್ಲಿ ಏನು ಮಲಗಿದೆಯೋ ಕಾಣುವುದಿಲ್ಲ. ನನ್ನ ಮಟ್ಟಿಗೆ ಕೆಂಪು ಮುರಕಲ್ಲಿನ (ಜಂಬಿಟ್ಟಿಗೆಯ) ನೆಲವೇ ಸರಿ. ತೆಳ್ಳಗೆ ಸೀಳಿದ ಮುರಕಲ್ಲಿನ ಬಿಲ್ಲೆಗಳು ಈಗ ಸುಲಭವಾಗಿ ಸಿಗುತ್ತವೆ. ಮೇಲ್ಮಣ್ಣನ್ನು ಅರ್ಧ ಅಡಿ ತೆಗೆದು, ಕೆಳಗೆ ಜಲ್ಲಿ ಹಾಕಿ ಚೆನ್ನಾಗಿ ಬಡಿದು, ಅದರ ಮೇಲೆ ಎರಡು ಇಂಚು ಹೊಯ್ಗೆ (ಮರಳು) ಹರಡಿ ಬಿಲ್ಲೆ ಜೋಡಿಸಬೇಕು. ಸಂದಿಗೆ ಸಿಮೆಂಟ್ ಬೇಡ, ಹೊಯ್ಗೆಯನ್ನೇ ತುಂಬಿ, ನೀರು ಇಂಗುತ್ತದೆ. ಎಂಟು ಅಡಿಗೆ ಒಂದು ಇಂಚಿನಂತೆ ಇಳಿಜಾರು ಕೊಡಿ. ಆ ಇಳಿಜಾರು ಮನೆಯ ಗೋಡೆಯ ಕಡೆಗಲ್ಲ, ಹೊರಗೆ ನೀರು ಹರಿಯುವ ಕಣಿಯ ಕಡೆಗಿರಬೇಕು. ಇದನ್ನು ಮೇಸ್ತ್ರಿಗೆ ಮೊದಲ ದಿನವೇ ಹೇಳಿ, ಎರಡನೆಯ ದಿನವೂ ಹೇಳಿ.

ಮುರಕಲ್ಲಿಗೆ ಒಂದು ದೋಷವಿದೆ. ಮೈಯೆಲ್ಲ ತೂತು ಇರುವುದರಿಂದ ನೀರು ಹಿಡಿಯುತ್ತದೆ, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಅಕ್ಟೋಬರ್ ಕೊನೆಯಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಚೆಲ್ಲಿ, ಗಟ್ಟಿ ಹಿಡಿಸೂಡಿಯಿಂದ ಉಜ್ಜಿದರೆ ಹೋಗುತ್ತದೆ. ಆ ನೀರು ಗಿಡದ ಬುಡಕ್ಕೆ ಹರಿಯದಂತೆ ನೋಡಿಕೊಳ್ಳಿ. ಇದು ಬೇಡವೆನ್ನುವವರು ಕಾರ್ಕಳದ ಕಡೆಯ ಶಿಲೆಕಲ್ಲನ್ನು ಹಾಕಿಸಬಹುದು. ಆದರೆ ಪಾಲಿಶ್ ಮಾಡಿದ್ದು ಬೇಡ, ಒರಟು ಮೈಯದ್ದೇ ಆಗಬೇಕು. ಹಳೆಯ ಮನೆ ಕೆಡವಿದಲ್ಲಿ ಮಂಗಳೂರು ಹಂಚು ಸಿಕ್ಕರೆ ಬಿಡಬೇಡಿ. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಈ ಹಂಚು ಮಾಡಿಗೆ ಮಾತ್ರವಲ್ಲ, ನೆಟ್ಟಗೆ ನಿಲ್ಲಿಸಿ ಹೂತರೆ ಹೂವಿನ ಪಾತಿಗೆ ಚೆಂದದ ಅಂಚೂ ಆಗುತ್ತದೆ.

ನೆರಳು

ಅಡಿಕೆ ಮರದ ಕಂಬ, ಅದರ ಮೇಲೆ ಅಡಿಕೆ ಸಲಾಕೆ, ಮೇಲೆ ಹೆಣೆದ ಮಡಲು. ಕರಾವಳಿಯಲ್ಲಿ ಇದಕ್ಕಿಂತ ತಂಪಾದ, ಅಗ್ಗದ ಚಪ್ಪರ ಇನ್ನೂ ಹುಟ್ಟಿಲ್ಲ. ಹೆಣೆಯುವವರು ಸಿಗುವುದು ಕಷ್ಟವಾಗಿದೆ ಎಂಬುದು ನಿಜ. ಸಿಗದಿದ್ದರೆ ನರ್ಸರಿಯವರು ಬಳಸುವ ಹಸಿರು ನೆರಳುಬಲೆ ಕಟ್ಟಿ, ಅದರ ಮೇಲೆ ನಾಲ್ಕು ಮಡಲು ಹೊದೆಸಿದರೂ ಕಣ್ಣಿಗೆ ಹಿತವಾಗಿರುತ್ತದೆ. ತಗಡಿನ ಶೀಟು ಮಾತ್ರ ಬೇಡ. ಏಪ್ರಿಲ್ ಕೊನೆಯ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ನೇರಕ್ಕೇ ಬರುತ್ತಾನೆ, ತಗಡಿನ ಕೆಳಗೆ ಕೂತವರೇ ಬೇಯುತ್ತಾರೆ.

ಕಂಬ ಹೂಳಲು ಗುಂಡಿ ತೋಡುವ ಬದಲು ನೆಲ ಹಾಸುವಾಗಲೇ ನಾಲ್ಕು ಮೂಲೆಗಳಲ್ಲಿ ಒಂದೂವರೆ ಅಡಿ ಆಳಕ್ಕೆ ದಪ್ಪ ಪಿವಿಸಿ ಪೈಪು ಹುಗಿಸಿಡಿ. ಪ್ರತಿ ವರ್ಷ ಕಂಬ ಇಳಿಸಿ ಬೆಣೆ ಹೊಡೆದರಾಯಿತು, ಪತ್ತನಾಜೆಗೆ ಎತ್ತಿ ಮುಚ್ಚಳ ಹಾಕಿದರಾಯಿತು. ನನ್ನ ಇಡೀ ವ್ಯವಸ್ಥೆಯಲ್ಲಿ ನನಗೆ ಹೆಮ್ಮೆ ಇರುವುದು ಈ ಪೈಪುಗಳ ಬಗ್ಗೆ ಮಾತ್ರ.

ಬಳ್ಳಿಯ ಚಪ್ಪರ ಬೇಕೆ? ಬಸಳೆಯ ಕೆಳಗೆ ಕೂತು ಬಸಳೆಯನ್ನೇ ಉಣ್ಣುವ ಯೋಚನೆ ನನಗೂ ಬಂದಿತ್ತು. ಆದರೆ ಬಸಳೆಗೆ ದಿನಾ ನೀರು ಬೇಕು, ಕೆಳಗೆಲ್ಲ ಕೆಸರು. ಕುಯ್ಯಲು ಕೈಗೆಟಕುವ ಎತ್ತರದಲ್ಲಿ ಚಪ್ಪರವಿದ್ದರೆ ಕೂತು ಎದ್ದವರ ತಲೆ ತಾಗುತ್ತದೆ. ಅದರ ಬದಲು ಶರಬತ್ತಿನ ಹಣ್ಣಿನ ಬಳ್ಳಿಯನ್ನು ಪಡುವಣದ ಜಾಲರಿಗೆ ಹಬ್ಬಿಸಿ. ಬದಿಗೆ ಎರಡು ಕೇಪುಳ, ಒಂದು ದಾಸವಾಳ. ಊಟದ ಜಾಗಕ್ಕೆ ತೀರ ಹತ್ತಿರ ಮಲ್ಲಿಗೆ ಬೇಡವೆಂದು ನನ್ನ ಅಭಿಪ್ರಾಯ. ಶಂಕರಪುರದ ಮಲ್ಲಿಗೆಯ ಊರಿನವಳಾಗಿ ಹೀಗೆ ಬರೆಯಲು ಸಂಕೋಚವಾಗುತ್ತದೆ, ಆದರೆ ಮಲ್ಲಿಗೆಯ ಪರಿಮಳಕ್ಕೂ ಹುಳಿ ಖಾರದ ಮೀನುಸಾರು ಪುಳಿಮುಂಚಿಯ ಪರಿಮಳಕ್ಕೂ ಹೊಂದುವುದಿಲ್ಲ. ಹತ್ತು ಹೆಜ್ಜೆ ದೂರ ನೆಡಿ.

ಮೇಜಿನ ಅಳತೆ ಬಾಳೆಲೆಯಿಂದ

ಅಂಗಡಿಯ ಮೇಜುಗಳಲ್ಲಿ ಒಬ್ಬರಿಗೆ ಎರಡು ಅಡಿ ಜಾಗ ಎಂಬ ಲೆಕ್ಕವಿರುತ್ತದೆ. ಅದು ತಟ್ಟೆಯ ಲೆಕ್ಕ. ಕೊಡಿ ಬಾಳೆಲೆಯನ್ನು ತುದಿ ಎಡಕ್ಕೆ ಬರುವಂತೆ ಹಾಸಿದರೆ ಅದೊಂದೇ ಎರಡು ಅಡಿ ಉದ್ದವಿರುತ್ತದೆ, ಮೇಲೆ ನೀರಿನ ಲೋಟಕ್ಕೆ ಜಾಗ ಬೇಕು. ಆದ್ದರಿಂದ ಒಬ್ಬರಿಗೆ ಎರಡೂವರೆ ಅಡಿ ಹಿಡಿಯಿರಿ. ಒಂದು ಬದಿಗೆ ಮೂವರಂತೆ ಏಳೂವರೆ ಅಡಿ ಉದ್ದ. ಎದುರುಬದುರು ಎರಡು ಎಲೆ, ನಡುವೆ ಅನ್ನದ ಪಾತ್ರೆ ಎಂದರೆ ಮೂರೂವರೆ ಅಡಿ ಅಗಲ. ಸುತ್ತ ಬಡಿಸುವವರು ಓಡಾಡಲು ಮೂರು ಮೂರು ಅಡಿ. 14 ಅಡಿ, 10 ಅಡಿ ಬಂದದ್ದು ಹೀಗೆ. ಮೇಜಿನ ಎತ್ತರ ಎರಡೂವರೆ ಅಡಿ, ಬೆಂಚಿನ ಎತ್ತರ ಒಂದೂವರೆ ಅಡಿ.

ಮೇಜಿನ ಮೇಲ್ಭಾಗವನ್ನು ಒಂದೇ ತುಂಡಾಗಿ ಮಾಡಿಸಬೇಡಿ. ಮೂರು ಉದ್ದ ಹಲಗೆ, ಅವುಗಳ ಕೆಳಗೆ ಏಣಿಯಂತೆ ಮಡಚುವ ಎರಡು ಕಾಲು ಎಂದು ಆಚಾರಿಯವರಿಗೆ ಹೇಳಿ. ಇಬ್ಬರು ಸೇರಿ ಐದು ನಿಮಿಷದಲ್ಲಿ ಬಿಚ್ಚಿ ಜಗಲಿಗೆ ಸಾಗಿಸಬಹುದು. ಮರ ಹಲಸಿನದ್ದಾದರೆ ಒಳ್ಳೆಯದು, ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗಿ ಚೆಂದವಾಗುತ್ತದೆ. ಹೆಬ್ಬಲಸು ಕೂಡ ಬಾಳಿಕೆ ಬರುತ್ತದೆ. ತೇಗಕ್ಕೆ ಕೈಯಲ್ಲಿ ಹಣವಿದ್ದರೆ ಸರಿ. ಹಳೆಮನೆಯ ಬಾಗಿಲ ಹಲಗೆ ಸಿಕ್ಕರೆ ಇವೆಲ್ಲಕ್ಕಿಂತ ಮೇಲು.

ಸ್ಕ್ರೂ ಹಿತ್ತಾಳೆಯದ್ದು ಅಥವಾ 316 ದರ್ಜೆಯ ಸ್ಟೀಲಿನದ್ದು ಇರಲಿ. ಸಾಮಾನ್ಯವಾಗಿ ಸಿಗುವ 304 ದರ್ಜೆಗಿಂತ ಅದು ಉಪ್ಪುಗಾಳಿಯನ್ನು ಹೆಚ್ಚು ತಾಳುತ್ತದೆ. ಕಾಲುಗಳ ಕೆಳತುದಿಗೆ ಗೆದ್ದಲು ಬಾರದಂತೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಬಳಿಯುವ ರೂಢಿ ನಮ್ಮಲ್ಲಿದೆ, ದೋಣಿಗಳಿಗೂ ಬಳಿಯುತ್ತಿದ್ದರು. ಅದು ಚರ್ಮವನ್ನು ಸುಡುತ್ತದೆ. ಕೈಗವಸು ಹಾಕಿಯೇ ಬಳಿಯಿರಿ, ಊಟದ ಹಲಗೆಗಂತೂ ಸೋಂಕಿಸಲೂ ಬೇಡಿ.

ಕೂರಲು ಒಂದು ಬದಿಗೆ ಬೆಂಚು, ಇನ್ನೊಂದು ಬದಿಗೆ ಬೆನ್ನಿರುವ ಕುರ್ಚಿ ಇರಲಿ. ಮಂಡಿನೋವಿನ ಹಿರಿಯರಿಗೆ ಬೆಂಚಿನೊಳಗೆ ಕಾಲು ತೂರಿಸುವುದು ಶಿಕ್ಷೆ. ಮಕ್ಕಳಿಗೆ ಅಂಚಿನಲ್ಲಿ ಎರಡು ಸಾಲು ಮುರಕಲ್ಲಿನ ದಂಡೆ ಕಟ್ಟಿಸಿದರೆ ಅದೇ ಸಾಕು, ಅವರು ಮೇಜಿಗೆ ಬರುವುದೂ ಇಲ್ಲ. ಮೆತ್ತೆ ಬೇಡ. ಮಡಚಿದ ಬೈರಾಸು (ಟವೆಲು) ಹಾಕಿ. ಒಗೆಯಬಹುದು, ಊಟವಾದ ಮೇಲೆ ಕೈಯನ್ನೂ ಒರೆಸಬಹುದು.

ದೀಪ, ಸೊಳ್ಳೆ

ಇವೆರಡನ್ನೂ ಒಟ್ಟಿಗೆ ಹೇಳುತ್ತೇನೆ, ಏಕೆಂದರೆ ಹುಳ ಬರುವುದು ದೀಪಕ್ಕೆ. ಬಿಳಿ ಟ್ಯೂಬ್‌ಲೈಟಿಗಿಂತ ಹಳದಿ ದೀಪಕ್ಕೆ ಹುಳ ಕಡಿಮೆ. ಪೆಟ್ಟಿಗೆಯ ಮೇಲೆ 2700 ಕೆಲ್ವಿನ್ ಎಂದಿರುವ ಬಲ್ಬು ಕೇಳಿ ಪಡೆಯಿರಿ. ಮೇಜಿನ ಮೇಲೆಯೇ ತೂಗಿಸಬೇಡಿ, ಹುಳ ಸಾಂಬಾರಿಗೆ ಬೀಳುತ್ತದೆ. ಆರೇಳು ಅಡಿ ಆಚೆ ಇನ್ನೊಂದು ಸ್ವಲ್ಪ ಜೋರಿನ ದೀಪವಿಟ್ಟರೆ ಹುಳಗಳು ಅತ್ತ ಹೋಗುತ್ತವೆ. ದೀಪಾವಳಿಯ ಗೂಡುದೀಪವನ್ನು ಹಬ್ಬ ಮುಗಿಯುತ್ತಲೇ ಅಟ್ಟಕ್ಕೆ ಹಾಕುವುದೇಕೆ? ಬಿದಿರುಕಡ್ಡಿಯ ಬಣ್ಣದ ಗೂಡಿನಿಂದ ಬರುವ ಬೆಳಕಿಗೆ ಊಟದ ಜಾಗ ಬೇರೆಯದೇ ಆಗಿ ಕಾಣುತ್ತದೆ.

ಹೊರಗಿನ ವಯರಿಂಗ್‌ನಲ್ಲಿ ಮಾತ್ರ ಜಿಪುಣತನ ಬೇಡ. ನೀರು, ಧೂಳು ತಡೆಯುವ ಐಪಿ 65 ಗುರುತಿರುವ ಸಾಮಾನು, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಹಸಿ ನೆಲದ ಮೇಲೆ ಸೀರಿಯಲ್ ಸೆಟ್ ಎಳೆಯುವುದು ಜೀವಕ್ಕೆ ಅಪಾಯ.

ಸೊಳ್ಳೆಗೆ ಬತ್ತಿ, ಮುಲಾಮುಗಳಿಗಿಂತ ಒಂದು ಪೆಡೆಸ್ಟಲ್ ಫ್ಯಾನ್ ವಾಸಿ. ಸೊಳ್ಳೆ ಹಾರುವುದರಲ್ಲಿ ದುರ್ಬಲ, ಗಾಳಿಯೆದುರು ನಿಲ್ಲಲಾರದು. ಫ್ಯಾನನ್ನು ಮೇಜಿನ ಕೆಳಗೆ, ಕಾಲಿನ ಮಟ್ಟಕ್ಕೆ ಗಾಳಿ ಬರುವಂತೆ ತಿರುಗಿಸಿ, ಕಚ್ಚುವುದು ಹೆಚ್ಚಾಗಿ ಅಲ್ಲೇ. ಆದರೆ ಮೊದಲ ಕೆಲಸ ಮರಿಯಾಗುವ ಜಾಗವನ್ನು ಹುಡುಕುವುದು. ಹೂಕುಂಡದ ಕೆಳಗಿನ ತಟ್ಟೆ, ಬಿದ್ದ ಅಡಿಕೆ ಹಾಳೆ, ಬಾಯಿ ಮೇಲಾದ ತೆಂಗಿನ ಗೆರಟೆ, ಹೊಸದಾಗಿ ಕೊಂಡ ತಾವರೆ ತೊಟ್ಟಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಬೋರಲು ಹಾಕಿ. ತೊಟ್ಟಿಗೆ ನಾಲ್ಕು ಗಪ್ಪಿ ಮೀನು ಬಿಡಿ. ಮಂಗಳೂರಿನವರಿಗೆ ಮಲೇರಿಯಾದ ಬಗ್ಗೆ ನಾನು ಪಾಠ ಹೇಳಬೇಕಾಗಿಲ್ಲ.

ಬಡಿಸುವ ಮೊದಲು

ಕೈತೊಳೆಯುವ ನಳ್ಳಿಯನ್ನು ಬಾಳೆಯ ಬುಡದ ಹತ್ತಿರ ಹಾಕಿಸಿ. ನಳ್ಳಿ ಇಲ್ಲದಿದ್ದರೆ ಹಂಡೆ, ತಂಬಿಗೆ. ಎಂಜಲು ಎಲೆಗೆ ಒಂದು ಬುಟ್ಟಿ, ಅದನ್ನು ಊಟ ಮುಗಿದ ಕೂಡಲೇ ಎತ್ತಿ; ತಡವಾದರೆ ಬೆಕ್ಕು, ನಾಯಿ, ನಂತರ ಹೆಗ್ಗಣ. ಹಗಲಿನ ಊಟವಾದರೆ ಕಾಗೆಗೆ ಮೀನಿನ ಪಾತ್ರೆ ಕಾಣದಂತೆ ಬೋರಲು ಹಾಕಲು ದೊಡ್ಡ ಬಿದಿರಿನ ಬುಟ್ಟಿಯೊಂದು ಬೇಕು. ಒಲೆಗೆ ಗೆರಟೆಯ ಕೆಂಡ ಚೆನ್ನಾಗಿ ಕಾವು ಕೊಡುತ್ತದೆ.

ಗಾಳಿಗೆ ಖಾಲಿ ಬಾಳೆಲೆ ಹಾರುತ್ತದೆ. ಎಲೆ ಹಾಕಿದ ಕೂಡಲೇ ನೀರು ಚಿಮುಕಿಸಿ, ತುದಿಗೆ ಉಪ್ಪು, ಉಪ್ಪಿನಕಾಯಿ ಬಡಿಸಿಬಿಡಿ. ಕೋಳಿ ಸಾರಿನ ಕೋರಿ ರೊಟ್ಟಿಯ ದಿನ ಎಲೆ ಬೇಡ, ಸಾರು ಹರಿದು ಮಡಿಲಿಗೆ ಬರುತ್ತದೆ. ಅಡಿಕೆ ಹಾಳೆಯ ಆಳವಾದ ತಟ್ಟೆ ತನ್ನಿ.

ಮಂಗಳೂರಿನ ಕದ್ರಿ, ಬಿಜೈಯ ಫ್ಲ್ಯಾಟುಗಳಲ್ಲಿ ಇರುವವರು ಇದನ್ನೆಲ್ಲ ಓದಿ ನಿಟ್ಟುಸಿರು ಬಿಡಬೇಕಿಲ್ಲ. ಟೆರೇಸಿಗೆ ಹೋಗಲು ಅನುಮತಿ ಇದ್ದರೆ ಮಡಚುವ ಮೇಜು, ನೀರು ತುಂಬಿದ ಡಬ್ಬಗಳ ಭಾರಕ್ಕೆ ಕಟ್ಟಿದ ನೆರಳುಬಲೆ, ಫ್ಯಾನ್ ಮೂರೇ ಸಾಕು. ಅಲ್ಲಿ ನಮಗಿಂತ ಗಾಳಿ ಹೆಚ್ಚು, ಸೊಳ್ಳೆ ಕಡಿಮೆ.

ಬಿಚ್ಚುವ ದಿನ

ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸಿಗೆ, ಪತ್ತನಾಜೆ. ಮೇಳದವರು ಗೆಜ್ಜೆ ಬಿಚ್ಚುವ ದಿನ. ನಾವೂ ಅಂದು ಮಧ್ಯಾಹ್ನ ಕೊನೆಯ ಊಟ ಮಾಡಿ ಸಂಜೆಯೊಳಗೆ ಬಿಚ್ಚುತ್ತೇವೆ. ಹಲಗೆಗಳನ್ನು ಒರೆಸಿ, ಒಂದು ದಿನ ನೆರಳಲ್ಲಿ ಒಣಗಿಸಿ, ಜಗಲಿಯಲ್ಲಿ ನೆಲಕ್ಕೆ ತಾಗದಂತೆ ಎರಡು ರೀಪಿನ ಮೇಲೆ, ಹಲಗೆಗಳ ನಡುವೆ ಗಾಳಿಯಾಡುವಂತೆ ಕಡ್ಡಿಯಿಟ್ಟು ಪೇರಿಸುತ್ತೇವೆ. ಟಾರ್ಪಾಲು ಹೊದೆಸುವುದಿಲ್ಲ, ಒಳಗೆ ಬೆವರಿ ಬೂಷ್ಟು ಬರುತ್ತದೆ. ಹಳೆಯ ಮಡಲು ಬಚ್ಚಲ ಒಲೆಗೆ. ಪೈಪುಗಳಿಗೆ ಮುಚ್ಚಳ. ಕಳೆದ ವರ್ಷ ಒಂದು ಮುಚ್ಚಳ ಸಿಗದೆ ಹಾಗೇ ಬಿಟ್ಟಿದ್ದೆ. ದೀಪಾವಳಿಗೆ ಕಂಬ ಇಳಿಸಲು ಹೋದಾಗ ಒಳಗಿನಿಂದ ದೊಡ್ಡದೊಂದು ಕಪ್ಪೆ ನನ್ನನ್ನೇ ನೋಡುತ್ತಿತ್ತು.